ಹೆಸರು ಬರೆಯೋ ಕೈ ಯಾರದು?

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಮಾತಿಗೆ ಕೂತರೆ ನಾವು ಅಮೆರಿಕಾವನ್ನೂ ಬಿಡೋದಿಲ್ಲ. 2028ಕ್ಕೆ ಅಲ್ಲಿನ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಲ್ಲೋರು ಯಾರು? ಗ್ಯಾವಿನ್ ನ್ಯೂಸಮ್ ಅಂತಾನೆ ಒಬ್ಬ. ಪೀಟ್ ಬುಟಿಜೆಜ್ ಅಂತಾನೆ ಇನ್ನೊಬ್ಬ. 2024ರಲ್ಲಿ ಸೋತ ಕಮಲಾ ಹ್ಯಾರಿಸ್ ಮತ್ತೆ ಬರ್ತಾರೆ ಅಂತ ಮೂರನೆಯವನು ಚಹಾದ ಪಂದ್ಯ ಕಟ್ಟುತ್ತಾನೆ. ಪತ್ರಿಕೆಯವರು ಕೊಟ್ಟ ಹೆಸರುಗಳನ್ನೇ ನಾವು ಜಗಿಯುತ್ತಿದ್ದೇವೆ. ಆ ಪಟ್ಟಿಗೆ ಹೋಗೋ ದಾರಿಯನ್ನು ಕಡಿದವರು ಯಾರು ಅಂತ ಕೇಳಿಲ್ಲ.

ನಮ್ಮಲ್ಲಿ ಟಿಕೇಟು ದೆಹಲಿಯಿಂದ ಬರುತ್ತೆ. ಅಲ್ಲಿ ಒಂದೊಂದು ರಾಜ್ಯದಲ್ಲೂ ಸಾಮಾನ್ಯ ಮತದಾರರು ಮೊದಲು ಮತ ಹಾಕ್ತಾರೆ. ಅದರ ಮೇಲೆ ಪ್ರತಿನಿಧಿಗಳು ಅಧಿವೇಶನಕ್ಕೆ ಹೋಗಿ ಹುರಿಯಾಳನ್ನು ಆರಿಸ್ತಾರೆ. ಮೊದಲಿಂದ ಹೀಗಿರಲಿಲ್ಲ.

ಫ್ಯಾನಿ ಲೂ ಹೇಮರ್ ಮಿಸಿಸಿಪಿಯ ಹತ್ತಿ ಹೊಲದಲ್ಲಿ ದುಡಿದವಳು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದ ತಪ್ಪಿಗೆ 1962ರಲ್ಲಿ ಧಣಿ ಈಕೆಯನ್ನು ಹೊಲಮನೆಯಿಂದಲೇ ಓಡಿಸಿದ. 1964ರಲ್ಲಿ ಈಕೆ ತನ್ನ ಜನರ ಜೊತೆ ಅಟ್ಲಾಂಟಿಕ್ ಸಿಟಿಯ ಅಧಿವೇಶನಕ್ಕೆ ಬಂದು, ಬಿಳಿಯರೇ ತುಂಬಿದ್ದ ಮಿಸಿಸಿಪಿ ತಂಡದ ಜಾಗ ನಮ್ಮದು ಅಂದಳು. ಪಕ್ಷದ ದೊಡ್ಡವರು ಎರಡು ಕುರ್ಚಿ ಕೊಡ್ತೀವಿ ಅಂದರು. ಅದರಲ್ಲಿ ಕೂರೋರನ್ನೂ ತಾವೇ ಆರಿಸಿದ್ದರು! (ಈ ಔದಾರ್ಯ ನಮಗೇನು ಹೊಸದಲ್ಲ.) ತಂಡ ಒಪ್ಪಲಿಲ್ಲ, ಬರಿಗೈಲಿ ಹೋಯಿತು. 1968ರ ಚಿಕಾಗೋ ಅಧಿವೇಶನದಲ್ಲಿ ಅದೇ ಹೇಮರ್ ಪ್ರತಿನಿಧಿಯಾಗಿ ಕೂತಳು.

1972ರಲ್ಲಿ ಶರ್ಲಿ ಚಿಸಮ್ ತಾನೇ ಹುರಿಯಾಳಾಗ್ತೀನಿ ಅಂತ ಹೊರಟಳು. ದುಡ್ಡಿಲ್ಲ. ಕಪ್ಪು ಗಂಡು ನಾಯಕರಲ್ಲೇ ಅನೇಕರು ಈಕೆಯ ಹಿಂದೆ ನಿಲ್ಲಲಿಲ್ಲ. ಹೆಣ್ಣುಮಕ್ಕಳನ್ನು ಸಭೆಯ ಹಿಂದಿನ ಸಾಲಿಗೆ ಕೂರಿಸೋ ನಾವು ಇಲ್ಲಿ ತಲೆ ತಗ್ಗಿಸಬೇಕು. ಆದರೂ 152 ಪ್ರತಿನಿಧಿಗಳ ಮತ ತಂದಳು.

ಆಮೇಲೆ ಜೆಸ್ಸಿ ಜಾಕ್ಸನ್. 1984ರಲ್ಲಿ ಬಿದ್ದ ಮತಕ್ಕೆ ತಕ್ಕಷ್ಟು ಪ್ರತಿನಿಧಿಗಳು ಸಿಗಲಿಲ್ಲ. 1988ರಲ್ಲಿ ಸುಮಾರು 70 ಲಕ್ಷ ಮತ ಪಡೆದು ಎರಡನೆಯವನಾಗಿ ಸೋತ. ಸೋತವನು ಸುಮ್ಮನಿರಲಿಲ್ಲ. ಮತ ಎಷ್ಟೋ ಪಾಲು ಅಷ್ಟು ಅನ್ನೋ ನಿಯಮಕ್ಕೆ ಪಟ್ಟು ಹಿಡಿದು ಮಾಡಿಸಿದ. ಇಪ್ಪತ್ತು ವರ್ಷದ ಮೇಲೆ, 2008ರಲ್ಲಿ, ಹಿಲರಿ ಕ್ಲಿಂಟನ್ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಗೆದ್ದರೂ ಅಲ್ಲಿನ ಪ್ರತಿನಿಧಿಗಳೆಲ್ಲ ಆಕೆಗೆ ಹೋಗಲಿಲ್ಲ. ಒಬಾಮ ಉಳಿದದ್ದು ಆ ಪಾಲಿನಿಂದಲೂ ಹೌದು.

ಈಗ ಪಂದ್ಯ ಕಟ್ಟಿದ ಗೆಳೆಯನಿಗೆ ಒಂದು ಮಾತು. 2020ರಲ್ಲಿ ಮೊದಮೊದಲು ಸೋತಿದ್ದ ಬೈಡನ್‌ರನ್ನು ಎತ್ತಿ ನಿಲ್ಲಿಸಿದ್ದು ಸೌತ್ ಕೆರೊಲಿನಾದ ಕಪ್ಪು ಮತದಾರರು. 2028ರಲ್ಲಿ ಅವರು ಮತ ಹಾಕೋ ಸರದಿ ಎಷ್ಟನೆಯದು, ಮೊದಲು ಅದನ್ನ ನೋಡಪ್ಪಾ. ಚಹಾ ಆಮೇಲೆ ಕುಡಿಯೋಣ.