ಒತ್ತೆಗೆ ಬಿದ್ದ ಹೆಸರು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪೇಟೆಯಲ್ಲಿ ‘ಪತ್ತು’ ಎಂಬ ಒಂದು ಮಾತಿದೆ. ಪತ್ತು ಇರುವ ಅಂಗಡಿಯವನಿಗೆ ಸಗಟು ವ್ಯಾಪಾರಿ ಬಾಯಿಮಾತಿನ ಮೇಲೆ ಮೂಟೆ ಇಳಿಸುತ್ತಾನೆ. ಪತ್ತು ಹೋದವನಿಗೆ “ಮೊದಲು ರೊಕ್ಕ ಎಣಿಸು, ಆಮೇಲೆ ಮೂಟೆ” ಎನ್ನುತ್ತಾನೆ. ಇದನ್ನು ಸಂತೆಯಲ್ಲಿ ಕೊಂಡು ತರಲು ಆಗದು. ತೂಕ ಸರಿಯಿಟ್ಟು, ಹೇಳಿದ ದಿನಕ್ಕೆ ಬಾಕಿ ತೀರಿಸಿ, ವರ್ಷಗಟ್ಟಲೆ ಗಳಿಸಬೇಕು. ದೊಡ್ಡ ಕಂಪನಿಗಳು ಇದನ್ನೇ ಬ್ರಾಂಡು ಎನ್ನುತ್ತವೆ. ಹೆಸರು ಬೇರೆ, ವಸ್ತು ಒಂದೇ. ಸಣ್ಣ ಅಂಗಡಿಯವನು ಕಣ್ಣಿನಂತೆ ಕಾಯುವ ಈ ಪತ್ತನ್ನು ದೊಡ್ಡ ಕಂಪನಿ ಹೇಗೆ ಕಳೆಯುತ್ತದೆ, ಕಳೆದಾಗ ನಷ್ಟ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ನಮ್ಮ ನಾಡಿನದೇ ಒಂದು ನಿದರ್ಶನದಿಂದ ನೋಡೋಣ.

ಬೆಂಗಳೂರಿನ ಯುಬಿ ಸಮೂಹದ ಬಿಯರಿಗೆ ಕಿಂಗ್‌ಫಿಷರ್ ಎಂದು ಹೆಸರು. ಅದೇ ಹೆಸರಿನಲ್ಲಿ, ಅದೇ ಹಕ್ಕಿಯ ಗುರುತಿನಲ್ಲಿ 2005ರ ಮೇ ತಿಂಗಳಲ್ಲಿ ವಿಜಯ ಮಲ್ಯರು ವಿಮಾನಗಳನ್ನು ಹಾರಿಸಿದರು. ಮದ್ಯದ ಜಾಹೀರಾತಿಗೆ ನಿರ್ಬಂಧವಿದ್ದ ಕಾಲದಲ್ಲಿ ವಿಮಾನದ ಬಾಲವೇ ಜಾಹೀರಾತಿನ ಹಲಗೆಯಾಯಿತೆಂದು ಜನ ಆಡಿಕೊಂಡರು. ಆದರೂ ಪ್ರಯಾಣಿಕರು ಮೆಚ್ಚಿದರು ಎಂಬುದು ಸುಳ್ಳಲ್ಲ. ಅವರು ಮೆಚ್ಚಿದ್ದು ಏನನ್ನು? ಮಾಲೀಕರ ಭಾವಚಿತ್ರವನ್ನಲ್ಲ. ನಗುಮೊಗದಿಂದ ಊಟ ಬಡಿಸಿದ ಹುಡುಗಿಯರನ್ನು, ಸುರಕ್ಷಿತವಾಗಿ ಇಳಿಸಿದ ಚಾಲಕರನ್ನು ಮೆಚ್ಚಿದರು. ರಾತ್ರಿಯೆಲ್ಲ ಎಚ್ಚರವಿದ್ದು ಯಂತ್ರ ಪರೀಕ್ಷಿಸಿದವರು, ಪೆಟ್ಟಿಗೆ ಹೊತ್ತವರು ಪ್ರಯಾಣಿಕರ ಕಣ್ಣಿಗೆ ಬೀಳಲಿಲ್ಲ, ಆದರೆ ಅವರ ದುಡಿಮೆಯೂ ಆ ಹೆಸರಿನೊಳಗೆ ಸೇರಿತ್ತು.

ಮೊದಲ ತಪ್ಪನ್ನು ನೋಡಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರು ಆರಂಭಿಸಿದ ಏರ್ ಡೆಕ್ಕನ್ ಕಡಮೆ ದರದ ವಿಮಾನ. ಆರ್. ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’ನೇ ಅದರ ಗುರುತು. 2007ರಲ್ಲಿ ಮಲ್ಯರು ಅದರ ಪಾಲು ಕೊಂಡರು. 2008ರಲ್ಲಿ ಡೆಕ್ಕನ್ ಎಂಬ ಹೆಸರೇ ಹೋಗಿ ಕಿಂಗ್‌ಫಿಷರ್ ರೆಡ್ ಬಂತು. ಒಂದು ಹೆಸರಿಗೆ ಅಗ್ಗದ ಟಿಕೆಟ್ಟಿನ ಪತ್ತು, ಇನ್ನೊಂದಕ್ಕೆ ಸಿರಿವಂತ ಸತ್ಕಾರದ ಪತ್ತು. ರಾಗಿಯನ್ನೂ ಸಣ್ಣಕ್ಕಿಯನ್ನೂ ಒಂದೇ ಗೋಣಿಗೆ ಸುರಿದರೆ ಎರಡಕ್ಕೂ ಗಿರಾಕಿ ಬರುವನೆ? 2011ರಲ್ಲಿ ಕಂಪನಿಯೇ ಈ ರೆಡ್ ಅನ್ನು ಮುಚ್ಚುವುದಾಗಿ ಸಾರಿತು. ಎಣ್ಣೆಯ ಬೆಲೆ ಏರಿತ್ತು, ಬೇರೆ ವಿಮಾನ ಕಂಪನಿಗಳೂ ನಷ್ಟ ಕಂಡವು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ವರ್ಷವೂ ಲಾಭ ಕಾಣದ ಕಂಪನಿ ಆಡಂಬರವನ್ನು ಮಾತ್ರ ಬಿಡಲಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ಈ ಹೆಸರಿಗೆ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೇಲೆ ಬೆಲೆ ಕಟ್ಟಿಸಿ, ಆ ಹೆಸರನ್ನೇ ಬ್ಯಾಂಕುಗಳಲ್ಲಿ ಒತ್ತೆ ಇಟ್ಟರು! ನೀವು ಸಾಲಕ್ಕೆ ಹೋದರೆ ಹೊಲದ ಪತ್ರ ಕೇಳುತ್ತಾರೆ, ಹೆಂಡತಿಯ ಬಳೆ ತೂಗುತ್ತಾರೆ. ಅಲ್ಲಿ ಹಕ್ಕಿಯ ಚಿತ್ರವೇ ಸಾಕಾಯಿತು. 2011ರಲ್ಲಿ ಪೇಟೆಯಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರನ್ನು ಬ್ಯಾಂಕುಗಳು ಸಾಲದ ಬಾಬ್ತಿಗೆ 64 ರೂಪಾಯಿ 48 ಪೈಸೆಯಂತೆ ಹಿಡಿದುಕೊಂಡವು. ಯಾವ ಕಿರಾಣಿ ವ್ಯಾಪಾರಿ ಇಂಥ ಲೆಕ್ಕ ಒಪ್ಪಿಯಾನು?

ಇಷ್ಟಾದರೂ ಹೆಸರು ಉಳಿಯಬಹುದಿತ್ತು. ಅದು ಸತ್ತದ್ದು ಸಂಬಳದ ದಿನದಂದು. ಎಣ್ಣೆ ಕಂಪನಿಗಳು ಉದ್ದರಿ ನಿಲ್ಲಿಸಿ ಕೈಗೆ ಕಾಸು ಬಂದರೆ ಮಾತ್ರ ಎಣ್ಣೆ ಎಂದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಅದಕ್ಕೂ ಹೀನವಾದ ಸಂಗತಿ, ಅವರ ಸಂಬಳದಿಂದ ಹಿಡಿದ ಆದಾಯ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದೆ ಉಳಿಸಿಕೊಂಡದ್ದು. ಹೊಟ್ಟೆಗೆ ಹಾಕದೆ ದುಡಿಸಿದ ಎತ್ತು ಎಷ್ಟು ದಿನ ನೊಗ ಹೊತ್ತೀತು? ನೌಕರರು ಕೆಲಸ ನಿಲ್ಲಿಸಿದರು. ವಿಮಾನಗಳು ನೆಲ ಕಚ್ಚಿದವು. 2012ರ ಅಕ್ಟೋಬರ್ 20ರಂದು ಲೈಸೆನ್ಸ್ ಅಮಾನತ್ತಾಯಿತು. 2015ರ ಡಿಸೆಂಬರಿನಲ್ಲಿ ಮಲ್ಯರು ಗೋವೆಯಲ್ಲಿ ತಮ್ಮ ಅರವತ್ತನೆಯ ಹುಟ್ಟುಹಬ್ಬವನ್ನು ವೈಭವದಿಂದ ಆಚರಿಸಿದರು. ಸಂಬಳ ಕಾಣದವರ ಮನೆಯಲ್ಲಿ ಆ ವಾರ್ತೆಯನ್ನು ಹೇಗೆ ಓದಿರಬೇಕು! 2016ರ ಮಾರ್ಚ್ 2ರಂದು, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ಆ ಸದಸ್ಯರು ದೇಶವನ್ನೇ ಬಿಟ್ಟರು.

ಅದೇ ಏಪ್ರಿಲ್ 30ರಂದು ಬ್ಯಾಂಕುಗಳು ಆ ಹೆಸರನ್ನು ಹರಾಜಿಗೆ ಇಟ್ಟವು. ಕನಿಷ್ಠ ಬೆಲೆ 366 ಕೋಟಿ 70 ಲಕ್ಷ. ಒತ್ತೆಯ ದಿನ ಕಟ್ಟಿದ ಬೆಲೆಯ ಹತ್ತರಲ್ಲಿ ಒಂದು ಪಾಲೂ ಅಲ್ಲ. ಒಬ್ಬನೂ ಸವಾಲು ಕೂಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಹೈಕೋರ್ಟು ಕಂಪನಿಯನ್ನು ಮುಚ್ಚಲು ಆಜ್ಞೆ ಮಾಡಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದೇ ಹಕ್ಕಿಯ ಬಿಯರ್ ಮಾರಾಟವೇನೂ ನಿಲ್ಲಲಿಲ್ಲವಲ್ಲ? ನಿಜ. ಆ ಬಿಯರ್ ಕಂಪನಿಯಲ್ಲಿ ಕೆಲಸ ನಡೆಯುತ್ತಿತ್ತು, ಸರಕು ಪೇಟೆಗೆ ಬರುತ್ತಿತ್ತು. 2021ರಲ್ಲಿ ಹಾಲೆಂಡಿನ ಹೈನೆಕನ್ ಅದರ ಬಹುಪಾಲು ಒಡೆತನ ಪಡೆಯಿತು. ಆತನ ಇಂಥ ಷೇರು, ಆಸ್ತಿಗಳನ್ನು ಮಾರಿ ಬ್ಯಾಂಕುಗಳಿಗೆ 14,131 ಕೋಟಿ ಮರಳಿತೆಂದು 2024ರ ಡಿಸೆಂಬರಿನಲ್ಲಿ ಅರ್ಥಸಚಿವೆಯೇ ಲೋಕಸಭೆಯಲ್ಲಿ ಹೇಳಿದರು. ಹಕ್ಕಿ ಒಂದೇ, ಅಕ್ಷರಗಳೂ ಅವೇ. ದುಡಿಮೆ ನಡೆದ ಕಡೆ ಹೆಸರಿಗೆ ಬೆಲೆ ಉಳಿಯಿತು, ದುಡಿಮೆ ನಿಂತ ಕಡೆ ಅದು ಬಣ್ಣ ಬಳಿದ ತಗಡಾಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಹೆಸರು ಮಾಲೀಕನ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಕೆಲಸಗಾರನ ಕೈಯಲ್ಲಿರುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಕಂಪನಿಯ ಹೆಸರು ಕೆಡುವ ಸುದ್ದಿ ಪತ್ರಿಕೆಗೆ ಬರುವ ಮುನ್ನವೇ ನಮ್ಮ ಕೈಗೆ ಬಂದಿರುತ್ತದೆ. ಕಾರ್ಮಿಕರೆ, ಸಂಬಳ ಹತ್ತು ದಿನ ತಡವಾದಾಗ, ಹಿಡಿದ ಪ್ರಾವಿಡೆಂಟ್ ಫಂಡ್ ಹಣ ಖಾತೆಗೆ ಸೇರದಾಗ, ಒಟ್ಟಾಗಿ ಲೆಕ್ಕ ಕೇಳಿ, ಮರುತಿಂಗಳಿಗೆ ಕಾಯಬೇಡಿ. ವರ್ತಕರೆ, ದೊಡ್ಡ ಹೆಸರಿನ ಕಂಪನಿ ನಿಮ್ಮ ಬಿಲ್ಲಿಗೆ ವಾಯಿದೆಯ ಮೇಲೆ ವಾಯಿದೆ ಹೇಳಿದರೆ, ಬೋರ್ಡಿನ ಹೊಳಪಿಗೆ ಮರುಳಾಗಿ ಇನ್ನೊಂದು ಗಾಡಿ ಸರಕು ಕಳಿಸಬೇಡಿ. 2016ರ ದಿವಾಳಿ ಸಂಹಿತೆ ಕಾರ್ಮಿಕರ 24 ತಿಂಗಳ ಬಾಕಿಗೆ ಒತ್ತೆಯ ಮೇಲೆ ಸಾಲ ಕೊಟ್ಟವರ ಸರಿಸಮನಾದ ಸ್ಥಾನ ಕೊಟ್ಟಿದೆ. ಒಳ್ಳೆಯದೇ. ಆದರೆ ಅದು ಬಾಗಿಲಿಗೆ ಬೀಗ ಬಿದ್ದ ಮೇಲಿನ ಮಾತು. ಬಾಗಿಲು ತೆರೆದಿರುವಾಗಲೇ, ಜನರ ಠೇವಣಿಯಿಂದ ಸಾಲ ಕೊಡುವ ಬ್ಯಾಂಕು ಹೆಸರಿನ ಬೆಲೆ ಕೇಳುವ ಮೊದಲು ಸಂಬಳದ ಪಟ್ಟಿ ಕೇಳಲಿ. ಕೂಲಿ ಬಾಕಿ ಇಟ್ಟವನಿಗೆ ಪತ್ತಿಲ್ಲ ಎಂಬ ಪೇಟೆಯ ನ್ಯಾಯ ದೊಡ್ಡವರಿಗೂ ಸಲ್ಲಲಿ. ಈ ಒತ್ತಾಯವನ್ನು ಗಿರಣಿಯವರೂ ಅಂಗಡಿಯವರೂ ಕೂಡಿಯೇ ಎತ್ತಬೇಕು. ಹೆಸರು ಗಳಿಸಿಕೊಟ್ಟವರು ನಾವು. ಅದನ್ನು ಒತ್ತೆ ಇಡುವಾಗ ಕೇಳುವ ಹಕ್ಕೂ ನಮ್ಮದೇ.