ಮಕ್ಕಳು ಕಟ್ಟಿದ ನೀರಿನಾಟ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟ ವಿಷಯ ನಿಸರ್ಗ ಸಂಪತ್ತಿನ ರಕ್ಷಣೆ. ಮೂವತ್ತು ವರ್ಷ ಶಾಲೆಯಲ್ಲಿ ಇದನ್ನೇ ಪಾಠ ಮಾಡಿದವನು ನಾನು. ನೀರನ್ನು ಮಿತವಾಗಿ ಬಳಸಿರಿ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಅಲ್ಲಿಗೆ ಮುಗಿಯಿತು. ಇವತ್ತು ಆ ಪಾಠ ಬೇಡ. ಈ ಬೇಸಿಗೆ ಶಿಬಿರದಲ್ಲಿ ನಮ್ಮೂರ ಮಕ್ಕಳು ಮಾಡಿದ ಒಂದು ಆಟದ ಸುದ್ದಿ ಹೇಳುತ್ತೇನೆ.

ಹಳೆಯ ರಟ್ಟಿನ ಡಬ್ಬಿ ಬಿಚ್ಚಿ, ಅದರ ಮೇಲೆ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಅಂಟಿಸಿ, ಚೌಕಾಬಾರದಂತೆ ಮನೆ ಬರೆದರು. ದಾಳಕ್ಕೆ ನಾಲ್ಕು ಹುಣಸೆ ಬೀಜ, ಒಂದು ಬದಿ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ್ದು. ನಾಲ್ಕೂ ಕರಿ ಬಿದ್ದರೆ ಎಂಟು. ಅದು ನಿಮಗೆಲ್ಲ ಗೊತ್ತು. ನಡುವೆ ಒಂದು ಬಟ್ಟಲು. ಅದೇ ಊರಿನ ಅಂತರ್ಜಲ. ಮೊದಲು ಅದರಲ್ಲಿ ನಲವತ್ತು ಕಡಲೆಕಾಳು ಇಟ್ಟಿದ್ದೆವು. ಮರುದಿನ ನೋಡಿದರೆ ಅರ್ಧ ಯಾರದೋ ಹೊಟ್ಟೆ ಸೇರಿತ್ತು. ಅಂದಿನಿಂದ ಬೆಣಚುಕಲ್ಲು.

ಆಡುವವರು ನಾಲ್ವರು. ಜೋಳ ಬೆಳೆದರೆ ಬಟ್ಟಲಿನಿಂದ ಒಂದು ಕಲ್ಲು, ಗೋವಿನಜೋಳಕ್ಕೆ ಎರಡು, ಕಬ್ಬಿಗೆ ನಾಲ್ಕು. ಕಬ್ಬಿಗೆ ಹಣ ಹೆಚ್ಚು. ಮಳೆಯ ಮನೆಗೆ ಯಾರಾದರೂ ಬಂದರೆ ಬಟ್ಟಲಿಗೆ ಕಲ್ಲು ವಾಪಸ್. ಮೊದಲ ದಿನ ನಾಲ್ವರೂ ಕಬ್ಬು ಹಾಕಿದರು. ಲೆಕ್ಕ ಸರಳವಲ್ಲವೆ, ಒಂದು ಸುತ್ತಿಗೆ ಹದಿನಾರು ಕಲ್ಲು. ಮೂರನೆಯ ಸುತ್ತು ಮುಗಿಯುವ ಮೊದಲೇ ಬಟ್ಟಲು ಬರಿದು. ಮಳೆಯ ಮನೆ ಇನ್ನೂ ದೂರ ಇತ್ತು.

ಆಗ ನಾನು ಮಾಸ್ತರನ ಬುದ್ಧಿ ತೋರಿಸಿದೆ. ನೀರು ಪೋಲು ಮಾಡಿದವರಿಗೆ ದಂಡ ಹಾಕಿರಿ ಎಂದೆ. ನಳ ತೆರೆದಿಟ್ಟರೆ ಎರಡು ಮನೆ ಹಿಂದೆ, ಬಂದ್ ಮಾಡಿದರೆ ಒಂದು ಮನೆ ಮುಂದೆ. ಎರಡನೆಯ ದಿನ ಒಬ್ಬ ಹುಡುಗ ಬಹಳ ನಿಷ್ಠೆಯಿಂದ ಆಡಿದ, ಜೋಳ ಬಿಟ್ಟು ಬೇರೆ ಹಾಕಲಿಲ್ಲ. ಬಟ್ಟಲು ಮತ್ತೆ ಬರಿದಾಯಿತು. ಅವನು ಅಳುಮುಖ ಮಾಡಿ, “ನಾ ನಳ ಬಂದ್ ಮಾಡಿದ್ನೆಲ್ರಿ ಸರ, ನಾ ಉಳಿಸಿದ್ದನ್ನ ಇವ್ರು ತುಂಬಿಕೊಂಡ್ರು” ಅಂದ. ನನ್ನ ಮೂವತ್ತು ವರ್ಷದ ಪಾಠದಲ್ಲಿ ಈ ಮಾತಿಗೆ ಉತ್ತರ ಇರಲಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ. ಮಕ್ಕಳು ಆಡುವ ವ್ಯಾಪಾರದ ಆಟ, ಮೊನೊಪಲಿ ಅಂತಾರಲ್ಲ, ಅದರ ಮೂಲ ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಹೆಣ್ಣುಮಗಳದು. 1904ರಲ್ಲಿ ಆಕೆ ಪೇಟೆಂಟ್ ಪಡೆದರು. ಭೂಮಿ ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಮುಂದೆ ಅದಕ್ಕೆ ಎರಡು ಬಗೆಯ ನಿಯಮ ಬರೆದರು. ಒಂದರಲ್ಲಿ ಸಂಪತ್ತು ಬೆಳೆದರೆ ಎಲ್ಲರಿಗೂ ಪಾಲು, ಇನ್ನೊಂದರಲ್ಲಿ ಒಬ್ಬ ಗೆದ್ದು ಉಳಿದವರು ದಿವಾಳಿ. ಲೋಕ ಇಟ್ಟುಕೊಂಡದ್ದು ಎರಡನೆಯದನ್ನು. ಪಟ ಒಂದೇ, ನಿಯಮ ಬೇರೆ.

ಇದನ್ನು ಹೇಳಿ ಮಕ್ಕಳನ್ನು ಬಿಟ್ಟುಬಿಟ್ಟೆ. ಎರಡು ದಿನ ಜಗಳವಾಡಿದರು. ಕೊನೆಗೆ ಬಂದ ನಿಯಮ ಹೀಗೆ: ಪ್ರತಿ ಸುತ್ತಿಗೆ ಮೊದಲು ನಾಲ್ವರೂ ಬಟ್ಟಲಿನ ಕಲ್ಲು ಎಣಿಸಬೇಕು, ಎಷ್ಟು ತೆಗೆಯುವುದೆಂದು ಕೂಡಿ ಒಪ್ಪಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಕಬ್ಬು ಇಲ್ಲ. ಕೃಷಿ ಹೊಂಡದ ಮನೆ ಬಂತು. ಹೊಂಡ ತೆಗೆದವನು ಒಂದು ಸರದಿ ಕಳೆದುಕೊಳ್ಳುತ್ತಾನೆ, ಆದರೆ ಮುಂದಿನ ಮಳೆಗೆ ಬಟ್ಟಲಿಗೆ ಎರಡು ಪಟ್ಟು ಕಲ್ಲು. ಲಾಭ ಎಲ್ಲರಿಗೆ, ನಷ್ಟ ಒಬ್ಬನಿಗೆ! ಯಾರೂ ತೆಗೆಯಲಿಲ್ಲ. ಆಮೇಲೆ, ಹೊಂಡ ತೆಗೆದವನಿಗೆ ಉಳಿದ ಮೂವರೂ ಒಂದೊಂದು ರೂಪಾಯಿ ಕೊಡಬೇಕು ಎಂದು ಸೇರಿಸಿದರು. ಆಗ ಹೊಂಡಕ್ಕೆ ಪೈಪೋಟಿ ಬಿತ್ತು.

ಮಳೆಗೆ ಎಷ್ಟು ಕಲ್ಲು ಎಂಬುದಕ್ಕೂ ಲೆಕ್ಕ ಬೇಕು ಎಂದರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಳಿಗೆಯ ಮೇಲೆ ಒಂದೇ ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಅವರೇ ಗುಣಿಸಿ ನೋಡಿದರು, ಆಮೇಲೆ ಮೇಲೆ ನೋಡಿದರು. ಈ ಸಭಾಭವನದ ಮಾಳಿಗೆಯ ನೀರು ಗಟಾರಕ್ಕೆ ಹೋಗುತ್ತದೆ. ಪೂಜ್ಯರು ಕ್ಷಮಿಸಬೇಕು, ಕೇಳಿದವರು ಮಕ್ಕಳು.

ಇನ್ನೊಂದು ಮನೆಯ ಮಾತು ಹೇಳದೆ ಇಳಿದರೆ ನಾನು ಸುಳ್ಳುಗಾರ. ಒಬ್ಬ ಹುಡುಗಿ ಪೆನ್ಸಿಲಿನಿಂದ ಒಂದು ಮೂಲೆಯಲ್ಲಿ ಬರೆದಿದ್ದಳು: ‘ಬಾಜು ಹೊಲದವರು ಬೋರ್ ಹೊಡೆಸಿದರು, ನಿಮ್ಮ ಬಾವಿ ಬತ್ತಿತು. ಮೂರು ಸರದಿ ಸುಮ್ಮನೆ ಕೂಡಿರಿ.’ ನನ್ನ ಕಾಯಿ ಅಲ್ಲಿಗೇ ಹೋಗಿ ಬಿತ್ತು. ಮಕ್ಕಳು ನಕ್ಕರು. ಅವಳು ನಗಲಿಲ್ಲ. “ನಮ್ಮಜ್ಜ ಕೂತಾನಲ್ರಿ ಸರ, ಹಂಗ” ಅಂದಳು.

ಅವಳ ಅಜ್ಜನ ಹೊಲ ನನ್ನ ಹೊಲಕ್ಕೆ ಹತ್ತಿದ್ದು. ಹನ್ನೆರಡು ವರ್ಷದ ಹಿಂದೆ ನಾನು ಬೋರ್ ಹೊಡೆಸಿದೆ. ಎರಡನೆಯ ಬೇಸಿಗೆಗೆ ಅವರ ತೆರೆದ ಬಾವಿ ಒಣಗಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಮಳೆ ಕಡಿಮೆ ಆಯಿತು, ಇಷ್ಟನ್ನೇ ಹೇಳುತ್ತ ಬಂದೆ. ಅವರು ವಾದ ಮಾಡಲಿಲ್ಲ, ನನ್ನ ಮನೆಗೆ ಬರುವುದನ್ನು ಬಿಟ್ಟರು. ಮೂರು ಸರದಿ ನಾನು ಬೀಜ ಮುಟ್ಟದೆ ಕೂತೆ. ಮಕ್ಕಳ ಆಟದಲ್ಲಿ ಅಷ್ಟು ಹೊತ್ತು ಕೂಡುವುದು ಬಹಳ ದೀರ್ಘ.

ಮರುದಿನ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ನನ್ನ ಮೋಟರಿನಿಂದ ವಾರಕ್ಕೆ ಎರಡು ದಿನ ಅವರ ಹೊಲಕ್ಕೆ ನೀರು ಬಿಡುವುದಕ್ಕೆ ಒಪ್ಪಿಗೆ ಕೇಳಿದೆ. “ಯೋಚನೆ ಮಾಡ್ತೀನಿ ಮಾಸ್ತರ” ಅಂದರು. ಇನ್ನೂ ಹೂಂ ಅಂದಿಲ್ಲ. ಈ ಮುಂಗಾರಿಗೆ ಎರಡೂ ಹೊಲದ ನಡುವೆ ಒಂದು ಹೊಂಡ ತೆಗೆಯುವ ಮಾತು ಮಾತ್ರ ಅವರೇ ಎತ್ತಿದರು.

ಪಟವನ್ನು ಹೊರಗೆ ಕಟ್ಟೆಯ ಮೇಲೆ ಹಾಸಿದ್ದಾರೆ. ಪ್ರಸಾದ ಮುಗಿದ ಮೇಲೆ ಮಕ್ಕಳು ಆಡಿಸುತ್ತಾರೆ, ದೊಡ್ಡವರು ಕೂಡಬೇಕಂತೆ. ನಲವತ್ತು ಕಲ್ಲು ಎಣಿಸಿಟ್ಟಿದ್ದಾರೆ.