ಅಡಕೆಯ ಕೊಳೆರೋಗಕ್ಕೆ ಮುನ್ನೆಚ್ಚರಿಕೆ



ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಸಣ್ಣ ಹಿಡುವಳಿಯ ಮನೆಗಳಲ್ಲಿ ವರ್ಷದ ಅಕ್ಕಿಯೂ ಮಕ್ಕಳ ಪುಸ್ತಕವೂ ಅಡಕೆಯ ಗೊನೆಯನ್ನೇ ನಂಬಿವೆ. ಆಟಿಯ ಮಳೆಯಲ್ಲಿ ಕೊಳೆರೋಗ ತಗಲಿತೆಂದರೆ ಎಳೆಗಾಯಿಗಳು ಬುಡಕ್ಕೆ ಉದುರುವುವು. ಉದುರಿದ ಕಾಯಿಗೆ ಮದ್ದಿಲ್ಲ. ಮೊದಲೇ ಕಾಯುವುದೇ ದಾರಿ.

ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ, ಗೊನೆಗಳು ಚೆನ್ನಾಗಿ ತೋಯುವಂತೆ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಸಲ್ಲದು.

ಹೊಳೆಯುವ ಚೂರಿಯೊಂದನ್ನು ಅದರಲ್ಲಿ ತುಸು ಹೊತ್ತು ಅದ್ದಿ ನೋಡಿರಿ. ಅಲಗು ಕೆಂಪಾದರೆ ಸುಣ್ಣ ಸಾಲದೆಂದು ತಿಳಿದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇಲ್ಲವಾದರೆ ತುತ್ತು ಗೊನೆಯನ್ನೇ ಸುಡುವುದು. ಅಂದು ಕಲಸಿದ್ದನ್ನು ಅಂದೇ ಮುಗಿಸಬೇಕು. ಉದುರಿದ ರೋಗದ ಕಾಯಿಗಳನ್ನು ಹೆಕ್ಕಿ ಸುಡಬೇಕು. ತೋಟದಲ್ಲಿ ಉಳಿದರೆ ರೋಗ ಹಬ್ಬುವುದು.

ವಿದ್ಯಾರ್ಥಿಗಳೇ, ತುತ್ತಿನೊಳಗಿನ ತಾಮ್ರವನ್ನು ಕಬ್ಬಿಣವು ಬೇರ್ಪಡಿಸುವುದೆಂದು ನಾವು ಶಾಲೆಯಲ್ಲಿ ಕಲಿಸುವ ಪಾಠವೇ ಈ ಚೂರಿಯ ಪರೀಕ್ಷೆ. ತೂಕವನ್ನೂ ಮದ್ದು ಬಿಟ್ಟ ದಿನವನ್ನೂ ಬರೆದಿಡುವ ಹೊಣೆ ನಿಮ್ಮದಾಗಲಿ. ಕಲಿತ ಅಕ್ಷರ ತಂದೆತಾಯಿಯರ ತೋಟಕ್ಕೆ ಒದಗಲೆಂದು ಹಾರೈಸುತ್ತೇವೆ.